ಬ್ರಿಟನ್ನಿನಲ್ಲಿ ಫಂಡಿಂಗ್ ಸಮೇತ ಪಿಎಚ್‌ಡಿ: ನಾನು ಅರ್ಜಿ ಹಾಕಿದ ರೀತಿ

ಸಮಾಜ ವಿಜ್ಞಾನ ಓದಿದವರಿಗೆ ವಿದೇಶದಲ್ಲಿ ಯಾರು ದುಡ್ಡು ಕೊಟ್ಟು ಪಿಎಚ್‌ಡಿ ಮಾಡಿಸುತ್ತಾರೆ ಅಂತ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಹೆಚ್ಚಿನವರು ನನ್ನ ಹಾಗೆಯೇ ನಮ್ಮ ಕಡೆಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಎಂಎ ಮಾಡಿ, ಒಂದೆರಡು ವರ್ಷ ಎನ್‌ಜಿಒದಲ್ಲೋ ಕಾಲೇಜಿನಲ್ಲೋ ದುಡಿದವರು. ಒಬ್ಬೊಬ್ಬರಿಗೂ ವಾಟ್ಸಾಪಿನಲ್ಲಿ ಬರೆಯುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನು 2024ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದ ಮಾನವ ಭೂಗೋಳ ವಿಭಾಗಕ್ಕೆ ಸೇರಿದೆ. ನನ್ನ ಸ್ಟುಡೆಂಟ್‌ಶಿಪ್, ಅಂದರೆ ಶುಲ್ಕಕ್ಕೂ ಜೀವನ ಖರ್ಚಿಗೂ ಸಿಗುವ ಹಣ, ಇಎಸ್‌ಆರ್‌ಸಿಯದು.

ಇಎಸ್‌ಆರ್‌ಸಿ ಅಂದರೆ ಬ್ರಿಟನ್ ಸರ್ಕಾರದ ಹಣದಿಂದ ನಡೆಯುವ ಆರ್ಥಿಕ ಮತ್ತು ಸಾಮಾಜಿಕ ಸಂಶೋಧನಾ ಮಂಡಳಿ. 1965ರಲ್ಲಿ ಶುರುವಾಯಿತು. 2018ರಿಂದ ಯುಕೆಆರ್‌ಐ ಎಂಬ ದೊಡ್ಡ ಸಂಸ್ಥೆಯ ಭಾಗ. ಇದು ವಿದ್ಯಾರ್ಥಿಗಳ ಕೈಗೆ ನೇರವಾಗಿ ಹಣ ಕೊಡುವುದಿಲ್ಲ. ವಿಶ್ವವಿದ್ಯಾಲಯಗಳು ಸೇರಿ ಕಟ್ಟಿಕೊಂಡ ಡಿಟಿಪಿ (ಡಾಕ್ಟೋರಲ್ ಟ್ರೈನಿಂಗ್ ಪಾರ್ಟ್‌ನರ್‌ಶಿಪ್) ಎಂಬ ಒಕ್ಕೂಟಗಳಿಗೆ ಕೊಡುತ್ತದೆ. ಲೀಡ್ಸ್, ಶೆಫೀಲ್ಡ್, ಯಾರ್ಕ್ ಮತ್ತು ಸುತ್ತಲಿನ ಕೆಲವು ವಿಶ್ವವಿದ್ಯಾಲಯಗಳದು ವೈಟ್ ರೋಸ್. ಸ್ಕಾಟ್‌ಲೆಂಡಿನವರದೇ ಒಂದು ಬೇರೆ. ಕೇಂಬ್ರಿಡ್ಜ್, ಲಂಡನ್ನಿನ ಎಲ್‌ಎಸ್‌ಇ ಥರದವು ಒಂಟಿಯಾಗಿಯೇ ನಡೆಸುತ್ತವೆ. ಪ್ರತಿ ಒಕ್ಕೂಟಕ್ಕೂ ತನ್ನದೇ ಫಾರಂ, ತನ್ನದೇ ಕೊನೆಯ ದಿನಾಂಕ. ಹಾಗಾಗಿ 'ಇಎಸ್‌ಆರ್‌ಸಿಗೆ ಅರ್ಜಿ ಹಾಕುವುದು ಹೇಗೆ' ಅಂತ ಹುಡುಕಿದರೆ ಉತ್ತರ ಸಿಗುವುದಿಲ್ಲ. ಯಾವ ಒಕ್ಕೂಟ, ಅದರಲ್ಲಿ ಯಾವ ವಿಶ್ವವಿದ್ಯಾಲಯ, ಅಲ್ಲಿ ನಿಮ್ಮ ವಿಷಯಕ್ಕೆ ಪಾತ್‌ವೇ, ಅಂದರೆ ಈ ಹಣಕ್ಕೆ ಮಾನ್ಯತೆ ಪಡೆದ ವಿಷಯವಿಭಾಗ, ಇದೆಯೇ, ಇಷ್ಟನ್ನು ಮೊದಲು ನೋಡಬೇಕು. ವಿಭಾಗ ಎಷ್ಟೇ ಹೆಸರುವಾಸಿಯಾಗಿರಲಿ, ಆ ಪಾತ್‌ವೇಯಲ್ಲಿ ಅದು ಇಲ್ಲದಿದ್ದರೆ ಅಲ್ಲಿ ಈ ಹಣ ಇಲ್ಲ.

ಹಿಂದೆ ಬೇರೆ ದೇಶದವರಿಗೆ ಇದರ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. 2021-22ರ ಪ್ರವೇಶದಿಂದ ನಾವೂ ಪೂರ್ಣ ಸ್ಟುಡೆಂಟ್‌ಶಿಪ್ಪಿಗೆ ಅರ್ಹರು. ಆದರೆ ಒಂದು ಒಕ್ಕೂಟ ಆ ವರ್ಷ ತೆಗೆದುಕೊಳ್ಳುವವರಲ್ಲಿ ಅಂತಾರಾಷ್ಟ್ರೀಯ ವಿದ್ಯಾರ್ಥಿಗಳು ಶೇ. 30 ಮೀರುವಂತಿಲ್ಲ. ಆ ಶೇ. 30ಕ್ಕೆ ಚೀನಾ, ಬ್ರೆಜಿಲ್, ನೈಜೀರಿಯಾ, ಜರ್ಮನಿ ಎಲ್ಲ ಕಡೆಯವರೂ ಸಾಲಿನಲ್ಲಿ ಇರುತ್ತಾರೆ. ಪೈಪೋಟಿ ಎಷ್ಟಿರುತ್ತದೆ ಅಂತ ನೀವೇ ಊಹಿಸಿ.

ಹಣದ ಲೆಕ್ಕ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. 2024-25ರಲ್ಲಿ ಸ್ಟೈಪೆಂಡ್ ವರ್ಷಕ್ಕೆ ಕನಿಷ್ಠ 19,237 ಪೌಂಡ್. 2025-26ಕ್ಕೆ ಅದು 20,780 ಆಯಿತು. ಲಂಡನ್ನಿನಲ್ಲಿ ಸ್ವಲ್ಪ ಜಾಸ್ತಿ. ಇದಕ್ಕೆ ಆದಾಯ ತೆರಿಗೆ ಇಲ್ಲ. ಶುಲ್ಕದ ವಿಷಯಕ್ಕೆ ಬಂದರೆ, ಯುಕೆಆರ್‌ಐ ಕೊಡುವುದು ಬ್ರಿಟನ್ನಿನವರಿಗೆ ಹಾಕುವ ದರದಷ್ಟು ಮಾತ್ರ. 2024-25ರಲ್ಲಿ ಅದು 4,786 ಪೌಂಡ್. ನಮ್ಮಂಥವರ ಶುಲ್ಕ ಅದರ ಹಲವು ಪಟ್ಟು. ಈ ನಡುವಿನ ಮೊತ್ತವನ್ನು ಸಾಮಾನ್ಯವಾಗಿ ವಿಶ್ವವಿದ್ಯಾಲಯವೇ ಬಿಟ್ಟುಕೊಡುತ್ತದೆ ಅಥವಾ ತುಂಬುತ್ತದೆ. ಆದರೂ ಅರ್ಜಿಗೆ ಕೂರುವ ಮೊದಲೇ ಡಿಟಿಪಿ ಕಚೇರಿಗೆ ಮೇಲ್ ಹಾಕಿ, ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ. ನಾನು ಕೇಳಿದಾಗ ಎರಡೇ ಸಾಲಿನ ಉತ್ತರ ಬಂತು, ಆ ಎರಡು ಸಾಲು ಸಾಕಾಗಿತ್ತು.

ಭಾರತದಲ್ಲೇ ಮಾಡಬಹುದಿತ್ತಲ್ಲ ಅಂತ ಕೇಳುತ್ತೀರಿ. ಖಂಡಿತ. 2023ರಿಂದ ಇಲ್ಲಿನ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಅದು ಸಣ್ಣ ಮೊತ್ತವಲ್ಲ. ನನಗೆ ನೆಟ್ ಪರೀಕ್ಷೆ ಪಾಸಾಗಿತ್ತು, ಜೆಆರ್‌ಎಫ್ ಸಿಕ್ಕಿರಲಿಲ್ಲ. ನನ್ನ ಗೆಳತಿಯೊಬ್ಬಳು, ಮುಖ್ಯವಾಗಿ ಪರಿಶಿಷ್ಟ ಜಾತಿಯವರಿಗೆ ಇರುವ, ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ಪಿನ ಆಸೆ ಇಟ್ಟುಕೊಂಡಿದ್ದಳು. 2022ರಲ್ಲಿ ಅದರ ನಿಯಮ ಬದಲಾಯಿತು. ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಕುರಿತ ವಿಷಯಗಳಿಗೆ ವಿದೇಶದಲ್ಲಿ ಓದಲು ಅದು ಸಿಗುವುದಿಲ್ಲ ಅಂತ ಸೇರಿಸಿದರು. ದಲಿತ ವಿದ್ಯಾರ್ಥಿಗಳು ತಮ್ಮ ಸಮಾಜದ ಬಗ್ಗೆ ಹೊರಗೆ ಹೋಗಿ ಸಂಶೋಧನೆ ಮಾಡಬಾರದು ಅನ್ನುವುದಕ್ಕೆ ಯಾವ ತರ್ಕ ಇದೆಯೋ ನನಗಂತೂ ಅರ್ಥವಾಗಿಲ್ಲ. ಆ ಸ್ಕಾಲರ್‌ಶಿಪ್ ನೋಡುವವರು ಆಯಾ ವರ್ಷದ ಮಾರ್ಗಸೂಚಿಯನ್ನು ಪೂರ್ತಿ ಓದಿಯೇ ಮುಂದುವರಿಯಿರಿ.

ಈಗ ಕೆಲಸದ ಮಾತು. ಅರ್ಜಿ ಶುರುವಾಗುವುದು ಫಾರಂನಿಂದ ಅಲ್ಲ, ಮಾರ್ಗದರ್ಶಕರಿಂದ. ಕೊನೆಯ ದಿನಾಂಕ ಸಾಮಾನ್ಯವಾಗಿ ಡಿಸೆಂಬರಿನಿಂದ ಫೆಬ್ರುವರಿಯ ಒಳಗೆ ಇರುತ್ತದೆ. ನಾನು ಆಗಸ್ಟಿನಲ್ಲೇ ಮೇಲ್ ಹಾಕಲು ಶುರು ಮಾಡಿದ್ದೆ. 'ರೆಸ್ಪೆಕ್ಟೆಡ್ ಸರ್, ನಿಮ್ಮ ಸಂಶೋಧನೆ ನನಗೆ ಬಹಳ ಸ್ಫೂರ್ತಿ' ಅಂತ ಶುರುವಾಗುವ ಪತ್ರಗಳು ಅವರಿಗೆ ದಿನಾ ಬರುತ್ತವೆ. ನಾನು ಮೊದಲ ಸಾಲಿನಲ್ಲೇ ಪ್ರಶ್ನೆ ಇಟ್ಟೆ: ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ಇದರಿಂದ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರ ಬದುಕಿನಲ್ಲಿ ಏನು ಬದಲಾಗುತ್ತಿದೆ? ನಂತರ ನಾನು ಯಾರು, ಏನು ಓದಿದ್ದೇನೆ, ಎಲ್ಲಿ ಕೆಲಸ ಮಾಡಿದ್ದೇನೆ, ಅವರ ಯಾವ ಲೇಖನಕ್ಕೂ ಇದಕ್ಕೂ ಎಲ್ಲಿ ಸಂಬಂಧ. ಜೊತೆಗೆ ಒಂದು ಪುಟದ ಟಿಪ್ಪಣಿ. ಕೆಲವರು ಉತ್ತರಿಸಲೇ ಇಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಎರಡು ವಾರ ಬಿಟ್ಟು ಒಂದು ಸಲ ನೆನಪಿಸಿ, ಆಮೇಲೆ ಮುಂದಿನವರಿಗೆ ಹೋಗಿ.

ಉತ್ತರಿಸಿದವರಲ್ಲಿ ಯಾರನ್ನು ಆರಿಸಿಕೊಳ್ಳುವುದು? 'ಬಹಳ ಚೆನ್ನಾಗಿದೆ, ಅರ್ಜಿ ಹಾಕಿ, ನನ್ನ ಬೆಂಬಲ ಇದೆ' ಅಂದ ದೊಡ್ಡ ಹೆಸರಿನವರೊಬ್ಬರು ಇದ್ದರು. ಇನ್ನೊಬ್ಬರು ಅಷ್ಟು ಪ್ರಸಿದ್ಧರಲ್ಲ, ಆದರೆ ನನ್ನ ಒಂದು ಪುಟಕ್ಕೆ ಎರಡು ಪುಟ ಟೀಕೆ ಬರೆದು ಕಳಿಸಿದರು. ನಾನು ಎರಡನೆಯವರನ್ನೇ ಹಿಡಿದುಕೊಂಡೆ. ಕಾರಣ ಸರಳ. ನಿಮ್ಮ ಅರ್ಜಿ ಮೊದಲು ವಿಭಾಗದಲ್ಲಿ ಗೆಲ್ಲಬೇಕು, ಆಮೇಲೆ ವಿಶ್ವವಿದ್ಯಾಲಯದಲ್ಲಿ, ಆಮೇಲೆ ಒಕ್ಕೂಟದ ಪ್ಯಾನೆಲ್‌ನಲ್ಲಿ. ಹೆಚ್ಚಿನ ಕಡೆ ಮಾರ್ಗದರ್ಶಕರು ಕೂಡ ಫಾರಂನಲ್ಲಿ ನಿಮ್ಮ ಪರವಾಗಿ ಬರೆಯಬೇಕು. ಯೋಜನೆಯನ್ನು ನಿಜವಾಗಿ ಓದಿದವರು ಬರೆದದ್ದಕ್ಕೂ, ಹೊಗಳಿ ಸುಮ್ಮನಾದವರು ಬರೆದದ್ದಕ್ಕೂ ವ್ಯತ್ಯಾಸ ಓದಿದ ಕೂಡಲೇ ಗೊತ್ತಾಗುತ್ತದೆ. ಅಂದಹಾಗೆ, ಇಲ್ಲಿ ಮಾರ್ಗದರ್ಶಕರು ಸಾಮಾನ್ಯವಾಗಿ ಇಬ್ಬರು ಬೇಕು. ಇನ್ನೊಬ್ಬರನ್ನು ನಾನು ಆರಿಸಿಕೊಂಡವರೇ ಹುಡುಕಿಕೊಟ್ಟರು. ಅವರನ್ನು ಹೆಸರು ಹಿಡಿದು ಕರೆಯುವುದು ಇಲ್ಲಿನ ರೂಢಿ. ನನ್ನ ಬಾಯಿಗೆ ಇವತ್ತಿಗೂ 'ಮೇಡಂ' ಅಂತಲೇ ಬರುತ್ತದೆ.

ಪ್ರಪೋಸಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದನ್ನು ಓದಿ ಅಂಕ ಕೊಡುವ ಪ್ಯಾನೆಲ್‌ನಲ್ಲಿ ಅರ್ಥಶಾಸ್ತ್ರದವರು, ಶಿಕ್ಷಣಶಾಸ್ತ್ರದವರು, ಕಾನೂನಿನವರು, ಮನಶ್ಶಾಸ್ತ್ರದವರು ಎಲ್ಲ ಇರಬಹುದು. ಅವರಿಗೆ ನಾನು ಅಧ್ಯಯನ ಮಾಡಲಿರುವ ಮದ್ದೂರು ಎಲ್ಲಿದೆ ಗೊತ್ತಿಲ್ಲ. ಸಿದ್ಧಾಂತದ ಒಳಜಗಳಗಳೂ ಗೊತ್ತಿರಬೇಕಿಲ್ಲ. ಅವರು ನೋಡುವುದು ಮುಖ್ಯವಾಗಿ ಮೂರ್ನಾಲ್ಕು ಸಂಗತಿ: ಪ್ರಶ್ನೆಗೆ ತೂಕ ಇದೆಯೇ, ಸಿಕ್ಕಿರುವ ಮೂರೂವರೆ ವರ್ಷದಲ್ಲಿ ಮುಗಿಯುತ್ತದೆಯೇ, ಇದನ್ನು ಮಾಡುವ ತಯಾರಿ ಈ ವ್ಯಕ್ತಿಗೆ ಇದೆಯೇ, ಈ ವಿಭಾಗವೇ ಯಾಕೆ.

ನನ್ನ ಮೊದಲ ಕರಡಿನ ಹೆಸರು 'ಜಾಗತಿಕ ದಕ್ಷಿಣದ ನಗರಗಳಲ್ಲಿ ಲಿಂಗತ್ವ, ಸಂಚಾರ ಮತ್ತು ಶ್ರಮ'. ಮಾರ್ಗದರ್ಶಕಿ ಕೇಳಿದ್ದು ಒಂದೇ: 'ಸೋಮವಾರ ಬೆಳಿಗ್ಗೆ ಎಲ್ಲಿ ಹೋಗಿ ನಿಲ್ಲುತ್ತೀಯಾ, ಯಾರನ್ನು ಏನು ಕೇಳುತ್ತೀಯಾ?' ಆ ಪ್ರಶ್ನೆಗೆ ಉತ್ತರ ಬರೆಯುತ್ತಾ ಹೋದ ಹಾಗೆ ಪ್ರಪೋಸಲ್ ಸಣ್ಣದಾಯಿತು. ಸಣ್ಣದಾದಷ್ಟೂ ಗಟ್ಟಿಯಾಯಿತು. ಗಾರ್ಮೆಂಟ್ಸ್‌ಗೆ ಹೋಗುವ ಎಷ್ಟೋ ಹೆಂಗಸರು ಫ್ಯಾಕ್ಟರಿಯ ವ್ಯಾನಿನಲ್ಲೋ ಟೆಂಪೋದಲ್ಲೋ ಹೋಗುತ್ತಾರೆ. ವ್ಯಾನು ಯಾವ ಫ್ಯಾಕ್ಟರಿಯದೋ ಕೆಲಸವೂ ಅಲ್ಲೇ. ಸರ್ಕಾರಿ ಬಸ್ಸು ಉಚಿತವಾದರೆ ಬೇರೆ ಫ್ಯಾಕ್ಟರಿ ನೋಡುವ, ಕೆಲಸ ಬಿಡುವ, ಸಂಬಳದ ಬಗ್ಗೆ ಮಾತಾಡುವ ಧೈರ್ಯ ಬರುತ್ತದೆಯೇ? ಆದರೆ ಬಸ್ಸು ಉಚಿತವಾದರೆ ಸಾಲದು, ಶಿಫ್ಟಿನ ಹೊತ್ತಿಗೆ ಬರಬೇಕು. ಹಾಗಾಗಿ ರಾಮನಗರ-ಮದ್ದೂರು ಕಡೆ ಎರಡು ಬಗೆಯ ಊರು ಆರಿಸಿಕೊಂಡೆ. ಒಂದು ಕಡೆ ಫ್ಯಾಕ್ಟರಿ ಹೊತ್ತಿಗೆ ಸರಿಯಾಗಿ ಕೆಎಸ್‌ಆರ್‌ಟಿಸಿ ಬಸ್ಸಿದೆ. ಇನ್ನೊಂದು ಕಡೆ ಬಸ್ಸಿದ್ದೂ ಆ ಹೊತ್ತಿಗೆ ಇಲ್ಲ. ಈ ಹೋಲಿಕೆಯೇ ನನ್ನ ಪ್ರಪೋಸಲ್ಲಿನ ಬೆನ್ನೆಲುಬು.

ಇದು ಕರ್ನಾಟಕದ ಆಚೆಗೆ ಯಾಕೆ ಮುಖ್ಯ ಅನ್ನುವುದನ್ನೂ ಹೇಳಬೇಕಿತ್ತು. ಟ್ಯಾಲಿನ್ ನಗರ 2013ರಲ್ಲಿ ತನ್ನ ನಿವಾಸಿಗಳಿಗೆ ಬಸ್ಸು, ಟ್ರಾಮ್ ಉಚಿತ ಮಾಡಿತು. ಲಕ್ಸೆಂಬರ್ಗ್ 2020ರಲ್ಲಿ ಇಡೀ ದೇಶಕ್ಕೇ ಮಾಡಿತು. ದೆಹಲಿ 2019ರಲ್ಲಿ, ತಮಿಳುನಾಡು 2021ರಲ್ಲಿ ಹೆಂಗಸರಿಗೆ ಮಾಡಿದವು. ಯುರೋಪಿನ ಚರ್ಚೆ ಬಹುಪಾಲು ಕಾರು ಕಮ್ಮಿಯಾಯಿತೇ, ಪ್ರಯಾಣಿಕರು ಹೆಚ್ಚಿದರೇ ಅನ್ನುವುದರ ಸುತ್ತ ಇತ್ತು. ಕೂಲಿ ಮತ್ತು ಕೆಲಸದ ಕಡೆಯಿಂದ ನಾನು ನೋಡುತ್ತೇನೆ ಅಂತ ಒಂದು ಪ್ಯಾರಾ ಬರೆದೆ. ಮದ್ದೂರು ಗೊತ್ತಿಲ್ಲದವರಿಗೂ ಅದು ತಲುಪಿತು ಅನ್ನುವುದು ಸಂದರ್ಶನದಲ್ಲಿ ಗೊತ್ತಾಯಿತು.

ನಮ್ಮವರು ಅರ್ಜಿಯಲ್ಲಿ ಬರೆಯದೆ ಬಿಡುವ ಒಂದು ಸಂಗತಿ ಇದೆ. ಕನ್ನಡ ಬರುತ್ತದೆ ಅನ್ನುವುದು! ಬೇರೆ ಭಾಷೆ ಕಲಿತು ಕ್ಷೇತ್ರಕಾರ್ಯ ಮಾಡುವ ವಿದ್ಯಾರ್ಥಿಗಳಿಗೆ ಇಎಸ್‌ಆರ್‌ಸಿ ಹೆಚ್ಚುವರಿ ನೆರವು ಕೊಟ್ಟುಕೊಂಡು ಬಂದಿದೆ. ಅಂದರೆ ಭಾಷೆಗೆ ಅಲ್ಲಿ ಬೆಲೆ ಇದೆ. ಸಂದರ್ಶನಗಳನ್ನು ಕನ್ನಡದಲ್ಲೇ ಮಾಡುತ್ತೇನೆ, ದುಭಾಷಿ ಬೇಕಿಲ್ಲ, ಎನ್‌ಜಿಒ ಕೆಲಸದ ದಿನಗಳಿಂದಲೇ ಕಾರ್ಮಿಕ ಸಂಘಟನೆಯವರ ಪರಿಚಯವಿದೆ, ಅವರ ಮೂಲಕ ಹೆಂಗಸರನ್ನು ಭೇಟಿಯಾಗುತ್ತೇನೆ, ಮ್ಯಾನೇಜ್‌ಮೆಂಟಿನ ಮೂಲಕ ಹೋಗುವುದಿಲ್ಲ ಅಂತ ಸ್ಪಷ್ಟವಾಗಿ ಬರೆದೆ. ಕೊನೆಯದು ಬರೀ ಅನುಕೂಲದ ಮಾತಲ್ಲ. ಕೆಲಸ ಕಳೆದುಕೊಳ್ಳುವ ಭಯ ಇರುವವರ ಜೊತೆ ಮಾತಾಡುವಾಗ ಅವರ ರಕ್ಷಣೆ ಹೇಗೆ ಅನ್ನುವುದು ಎಥಿಕ್ಸ್ ಭಾಗದಲ್ಲಿ ಬರಲೇಬೇಕು. ಹಾಗೆಯೇ ನನಗೆ ಅಂಕಿಅಂಶದ ವಿಧಾನಗಳು ಅಷ್ಟಾಗಿ ಬರುವುದಿಲ್ಲ, ಮೊದಲ ವರ್ಷ ಅದರ ತರಬೇತಿ ಬೇಕು ಅಂತ ತರಬೇತಿಯ ಅಂಕಣದಲ್ಲಿ ಬರೆದೆ. 2024ರಿಂದ ಸೇರಿದವರಿಗೆ ತರಬೇತಿಯ ಅಗತ್ಯ ಏನು ಅಂತ ಪಟ್ಟಿ ಮಾಡಿಸುತ್ತಾರೆ, ಹೊರಗಿನ ಸಂಸ್ಥೆಯೊಂದರಲ್ಲಿ ಕೆಲಸ ಕಲಿಯುವ ಮೂರು ತಿಂಗಳ ಪ್ಲೇಸ್‌ಮೆಂಟ್ ಕೂಡ ಇದೆ. ಎಲ್ಲವೂ ಬರುತ್ತದೆ ಅಂತ ಬರೆದವರನ್ನು ಅಲ್ಲಿ ಯಾರೂ ನಂಬುವುದಿಲ್ಲ.

ಕಾಗದಪತ್ರಗಳು. ವಿಶ್ವವಿದ್ಯಾಲಯದ ಪ್ರವೇಶದ ಅರ್ಜಿ ಬೇರೆ, ಸ್ಟುಡೆಂಟ್‌ಶಿಪ್ ಅರ್ಜಿ ಬೇರೆ. ಎಷ್ಟೋ ಕಡೆ ಮೊದಲನೆಯದನ್ನು ಮುಂಚೆಯೇ ಮುಗಿಸಿರಬೇಕು. ಎಲ್ಲ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡು, ಘಟಿಕೋತ್ಸವದ ಪ್ರಮಾಣಪತ್ರ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಅಂಕ ಎರಡು ವರ್ಷ ಮಾತ್ರ ನಡೆಯುತ್ತದೆ, ತೀರಾ ಬೇಗ ಬರೆಯಬೇಡಿ.

ಶಿಫಾರಸು ಪತ್ರ ಇದೆಲ್ಲಕ್ಕಿಂತ ತಲೆನೋವು. ಬಹಳಷ್ಟು ಕಡೆ ಅದು ಸಂಸ್ಥೆಯ ಅಧಿಕೃತ ಇಮೇಲ್‌ನಿಂದಲೇ ಬರಬೇಕು, ಜಿಮೇಲ್ ಆಗುವುದಿಲ್ಲ. ಎಂಎಯಲ್ಲಿ ಪಾಠ ಮಾಡಿದ ನನ್ನ ಮೇಡಂಗೆ ಫೋನ್ ಮಾಡಿ ಹೇಳಿದೆ, 'ಮೇಡಂ, ಯೂನಿವರ್ಸಿಟಿ ಮೇಲ್‌ನಿಂದಲೇ ಕಳಿಸಬೇಕಂತೆ.' 'ಅದರ ಪಾಸ್‌ವರ್ಡೇ ನೆನಪಿಲ್ಲಮ್ಮ, ಕಂಪ್ಯೂಟರ್ ಸೆಕ್ಷನ್ನಿನ ಹುಡುಗನನ್ನ ಕೇಳಬೇಕು' ಅಂದರು. ಹುಡುಗ ದಸರಾ ರಜೆಯಲ್ಲಿದ್ದ. ಮುಂಚೆಯೇ ಹೇಳಿದ್ದರಿಂದ ಬಚಾವಾದೆ. ಅವರಿಗೆ ನನ್ನ ಪ್ರಪೋಸಲ್, ಸಿವಿ, ಅವರ ತರಗತಿಯಲ್ಲಿ ನಾನು ಬರೆದ ಡೆಸರ್ಟೇಶನ್ ಮೂರನ್ನೂ ಕಳಿಸಿದ್ದೆ. 'ಪ್ರಾಮಾಣಿಕ, ಶ್ರಮಜೀವಿ' ಅಂತ ಬರೆದ ಪತ್ರ ಇಲ್ಲಿ ಏನೂ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮ ಒಂದು ನಿರ್ದಿಷ್ಟ ಕೆಲಸದ ಬಗ್ಗೆ ಬರೆದದ್ದು ಬರುತ್ತದೆ. ಕುಲಪತಿಗಳ ಪತ್ರಕ್ಕಿಂತ ನಿಮ್ಮ ಗೈಡ್ ಪತ್ರ ಮೇಲು.

ಸಂದರ್ಶನ ಎಲ್ಲ ಕಡೆ ಇರುವುದಿಲ್ಲ. ನನಗೆ ಆನ್‌ಲೈನಿನಲ್ಲಿತ್ತು. ನೆನಪಿರುವ ಪ್ರಶ್ನೆ: 'ನೀವು ಕ್ಷೇತ್ರಕ್ಕೆ ಹೋಗುವ ಹೊತ್ತಿಗೆ ಸರ್ಕಾರ ಈ ಯೋಜನೆಯನ್ನೇ ನಿಲ್ಲಿಸಿದರೆ?' ಇದಕ್ಕೆ ತಯಾರಾಗಿಯೇ ಕೂತಿದ್ದೆ. ನಿಲ್ಲಿಸಿದರೆ, ಬಂದ ಸೌಲಭ್ಯ ಹೋದಾಗ ಕೆಲಸದ ಆಯ್ಕೆ ಮತ್ತೆ ಹೇಗೆ ಕುಗ್ಗುತ್ತದೆ ಅನ್ನುವುದು ನನ್ನ ಪ್ರಶ್ನೆಯಾಗುತ್ತದೆ, ಅದೇ ಊರು, ಅದೇ ಜನ ಅಂದೆ. ನಿಮ್ಮ ವಿಷಯ ಸರ್ಕಾರದ ಒಂದು ಯೋಜನೆಗೆ ಅಂಟಿಕೊಂಡಿದ್ದರೆ ಈ ಪ್ರಶ್ನೆ ಬಂದೇ ಬರುತ್ತದೆ. ಇದನ್ನು ಭಾರತದಲ್ಲಿ ಮಾಡದೆ ಇಲ್ಲೇ ಯಾಕೆ ಅನ್ನುವುದೂ ಬರುತ್ತದೆ. 'ಇಲ್ಲಿನ ವಾತಾವರಣ ಚೆನ್ನಾಗಿದೆ' ಅನ್ನಬೇಡಿ. ಈ ಇಬ್ಬರು ಮಾರ್ಗದರ್ಶಕರ ಯಾವ ಕೆಲಸ ನಿಮಗೆ ಬೇಕು ಅನ್ನುವುದನ್ನು ಹೇಳಿ.

ಫಲಿತಾಂಶ ಮಾರ್ಚ್-ಏಪ್ರಿಲ್ ಹೊತ್ತಿಗೆ ಬರುತ್ತದೆ. ನನ್ನ ಹೆಸರು ಮೊದಲು ರಿಸರ್ವ್ ಪಟ್ಟಿಯಲ್ಲಿತ್ತು. ಇದನ್ನು ತಿರಸ್ಕಾರ ಅಂದುಕೊಂಡು ಕೈಬಿಡಬೇಡಿ. ಮೇಲಿನವರಿಗೆ ಬೇರೆ ಕಡೆಯೂ ಸಿಕ್ಕಿರುತ್ತದೆ, ಅವರು ಬಿಟ್ಟಾಗ ಜಾಗ ಕೆಳಗೆ ಬರುತ್ತದೆ. ಆದರೆ ಶೇ. 30ರ ಮಿತಿ ಇಲ್ಲೂ ಲೆಕ್ಕಕ್ಕೆ ಬರುತ್ತದೆ. ಬ್ರಿಟನ್ನಿನವರೊಬ್ಬರು ಬಿಟ್ಟ ಜಾಗ ನಮಗೇ ಬರುತ್ತದೆ ಅಂತ ಹೇಳಲಾಗುವುದಿಲ್ಲ. ನಾನು ಡಿಟಿಪಿ ಕಚೇರಿಗೆ ಒಂದು ಸಲ ಮೇಲ್ ಮಾಡಿ, ಇನ್ನೂ ಆಸಕ್ತಿ ಇದೆ ಅಂತ ತಿಳಿಸಿ ಸುಮ್ಮನಾದೆ.

ಸಿಕ್ಕ ಮೇಲಿನ ಖರ್ಚಿನ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ವೀಸಾ ಶುಲ್ಕ ಆಗ 490 ಪೌಂಡ್ ಇತ್ತು. ಅದರ ಮೇಲೆ ಆರೋಗ್ಯ ಸರ್‌ಚಾರ್ಜ್, ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್. ಇಡೀ ವೀಸಾ ಅವಧಿಯದನ್ನು ಒಂದೇ ಸಲ ಕಟ್ಟಬೇಕು. ನಾಲ್ಕು ವರ್ಷಕ್ಕೆ ಇದೊಂದೇ ಮೂರು ಲಕ್ಷ ರೂಪಾಯಿ ದಾಟುತ್ತದೆ. ಕ್ಷಯರೋಗದ ಪರೀಕ್ಷೆ, ವಿಮಾನದ ಟಿಕೆಟ್ಟು, ಬಾಡಿಗೆಯ ಡಿಪಾಸಿಟ್ಟು ಬೇರೆ. ಕೆಲವು ವಿಶ್ವವಿದ್ಯಾಲಯ ಇದರಲ್ಲಿ ಒಂದಷ್ಟು ವಾಪಸ್ ಕೊಡುತ್ತವೆ, ಕೇಳಿ ನೋಡಿ. ಸ್ಟೈಪೆಂಡ್ ಬರುವುದು ಹೋಗಿ ನೋಂದಣಿ ಮಾಡಿಸಿ, ಅಲ್ಲಿ ಬ್ಯಾಂಕ್ ಖಾತೆ ತೆರೆದ ಮೇಲೆ. ಹಾಗಾಗಿ ಕೆಲಸಕ್ಕೆ ರಾಜೀನಾಮೆ ಕೊಡುವ ಅವಸರ ಮಾಡಬೇಡಿ. ವೀಸಾಗೆ ಬೇಕಾದ ಕ್ಯಾಸ್ ಎಂಬ ದಾಖಲೆ ವಿಶ್ವವಿದ್ಯಾಲಯದಿಂದ ಬಂದ ಮೇಲಷ್ಟೇ ನಾನು ಎನ್‌ಜಿಒದಲ್ಲಿ ನೋಟಿಸ್ ಕೊಟ್ಟೆ. ಆಗಸ್ಟಿನ ಸಂಬಳವೂ ಕೈಗೆ ಬಂತು, ಟಿಕೆಟ್ಟಿಗೆ ಆಯಿತು.