ಜುಮುಕಿಯೊಳಗೆ ಫ್ಯಾನು ಕಂಡರೆ ಏನು ಮಾಡೋದು?

ನಮ್ಮ ಅತ್ತಿಗೆ ಮನೆಯಿಂದಲೇ ಒಂದು ಗ್ರಾಂ ಚಿನ್ನದ ಒಡವೆ ಮಾರುತ್ತಾರೆ. ವಾಟ್ಸ್‌ಆ್ಯಪ್ ಸ್ಟೇಟಸ್ಸೇ ಅವರ ಅಂಗಡಿ. ಒಮ್ಮೆ ಜುಮುಕಿಯ ಫೋಟೊ ಹಾಕಿದಾಗ ಯಾರೋ ಕೇಳಿದರಂತೆ, "ಅದರೊಳಗೆ ಕಾಣ್ತಿರೋದು ಸೀಲಿಂಗ್ ಫ್ಯಾನಾ?" ಹಿಗ್ಗಿಸಿ ನೋಡಿದರೆ ನಿಜ. ಜುಮುಕಿಯ ಗುಂಡನೆಯ ಮೈಮೇಲೆ ಫ್ಯಾನಿನ ಮೂರು ರೆಕ್ಕೆ, ಪಕ್ಕದಲ್ಲಿ ಟ್ಯೂಬ್‌ಲೈಟಿನ ಬಿಳಿ ಗೆರೆ, ಕೆಳಗೆ ಮೊಬೈಲ್ ಹಿಡಿದ ಅತ್ತಿಗೆಯ ಕೆಂಪು ನೈಟಿ!

ಹೊಸ ಫೋನೇ ಬೇಕು ಅಂತ ಅವರು ಹೊರಟಿದ್ದರು. ನಾನು ತಡೆದೆ. ಹೊಳೆಯುವ ಲೋಹ ಅಂದರೆ ಕನ್ನಡಿ ಇದ್ದ ಹಾಗೆ, ಎದುರಿಗೆ ಇರೋದನ್ನೆಲ್ಲ ತೋರಿಸಿಬಿಡುತ್ತದೆ. ಹಾಗಾಗಿ ಒಡವೆಯ ಎದುರು ಏನಿರಬೇಕು, ಏನಿರಬಾರದು ಅಂತ ನೋಡಿಕೊಳ್ಳುವುದರಲ್ಲೇ ಮುಕ್ಕಾಲು ಕೆಲಸ ಮುಗಿಯುತ್ತದೆ.

ಸಾಮಾನು ಹೆಚ್ಚೇನಿಲ್ಲ. ಬಿಳಿ ಡ್ರಾಯಿಂಗ್ ಶೀಟ್, ಎರಡು ಥರ್ಮಾಕೋಲ್ ಹಾಳೆ, ಬಟರ್ ಪೇಪರ್, ಒಂದು ಕಪ್ಪು ಚಾರ್ಟ್ ಪೇಪರ್, ಮಕ್ಕಳು ಓದುವ ಟೇಬಲ್ ಲ್ಯಾಂಪ್. ಟ್ರೈಪಾಡ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿದರೂ ನಡೆಯುತ್ತದೆ.

ಮೊದಲು ಒರೆಸಿ

ಕಣ್ಣಿಗೆ ಕಾಣದ ಬೆರಳಚ್ಚು ಹತ್ತಿರದ ಫೋಟೊದಲ್ಲಿ ಎಣ್ಣೆ ಜಿಡ್ಡಿನಂತೆ ಕಾಣುತ್ತದೆ. ಹಳೆಯ ಹತ್ತಿ ಬಟ್ಟೆಯಿಂದ ಒರೆಸಿ, ಆಮೇಲೆ ಬಟ್ಟೆಯಿಂದಲೇ ಹಿಡಿದುಕೊಳ್ಳಿ. ಬೆಳ್ಳಿಯನ್ನು ವಿಭೂತಿ ಹಾಕಿ ಉಜ್ಜುವ ಅಭ್ಯಾಸ ನಮ್ಮಲ್ಲಿದೆ. ಉಜ್ಜಿ, ಪರವಾಗಿಲ್ಲ. ಆದರೆ ಕೆತ್ತನೆಯ ಸಂದಿಯಲ್ಲಿ ಪುಡಿ ಕೂತರೆ ಫೋಟೊದಲ್ಲಿ ಬೂಷ್ಟು ಹಿಡಿದಂತೆ ಕಾಣುತ್ತದೆ. ಮೆತ್ತನೆಯ ಬ್ರಷ್‌ನಿಂದ ಅದನ್ನು ತೆಗೆಯಿರಿ. ಒಂದು ಗ್ರಾಂ ಒಡವೆಯನ್ನು ಮಾತ್ರ ಉಜ್ಜಲೇಬೇಡಿ, ಲೇಪವೇ ಎದ್ದು ಬರುತ್ತದೆ.

ಬೆಳಕಿಗೆ ಪರದೆ ಕಟ್ಟಿ

ಮೇಜನ್ನು ಕಿಟಕಿ ಪಕ್ಕಕ್ಕೆ ಎಳೆಯಿರಿ. ಡ್ರಾಯಿಂಗ್ ಶೀಟಿನ ಅರ್ಧ ಮೇಜಿನ ಮೇಲೆ, ಉಳಿದರ್ಧ ಹಿಂದಿನ ಗೋಡೆಗೆ. ನಡುವೆ ಮಡಿಕೆ ಬೇಡ, ಸುಮ್ನೆ ಬಾಗಿರಲಿ. ಆಗ ನೆಲ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಅನ್ನುವ ಗೆರೆಯೇ ಕಾಣುವುದಿಲ್ಲ.

ಕಿಟಕಿಗೂ ಒಡವೆಗೂ ನಡುವೆ ಬಟರ್ ಪೇಪರ್ ಇಳಿಬಿಡಿ. ವಸ್ತುವಿಗೆ ಹೋಲಿಸಿದರೆ ಬೆಳಕಿನ ಮೂಲ ಎಷ್ಟು ದೊಡ್ಡದೋ ನೆರಳು ಅಷ್ಟು ಮೃದು. ಇಲ್ಲೇ ಚಿಕ್ಕ ವಸ್ತುವಿನ ಲಾಭ ಇರೋದು. ಮನುಷ್ಯರ ಫೋಟೊಗೆ ಆಳೆತ್ತರದ ಪರದೆ ಬೇಕಾದೀತು. ಮೂರು ಸೆಂಟಿಮೀಟರ್ ಜುಮುಕಿಗೆ ಗೇಣು ದೂರದಲ್ಲಿರುವ ಒಂದು ಎ4 ಹಾಳೆಯೇ ಆಕಾಶ! ಕಿಟಕಿಯ ಎದುರು ಬದಿಗೆ ಥರ್ಮಾಕೋಲ್ ನಿಲ್ಲಿಸಿದರೆ ನೆರಳಿನ ಕಡೆಗೂ ಬೆಳಕು ತಿರುಗಿ ಬೀಳುತ್ತದೆ.

ರಾತ್ರಿ ತೆಗೆಯುವವರು ಟೇಬಲ್ ಲ್ಯಾಂಪನ್ನು ಇದೇ ಬಟರ್ ಪೇಪರಿನ ಹಿಂದೆ ಇಡಿ. ಎಲ್‌ಇಡಿ ಬಲ್ಬೇ ಇರಲಿ, ಹಳೆಯ ಬಲ್ಬಿನ ಬಿಸಿಗೆ ಕಾಗದ ಸುಟ್ಟೀತು. ಕೋಣೆಯ ಉಳಿದ ದೀಪಗಳನ್ನೆಲ್ಲ ಆರಿಸಿ. 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಬಿಳಿ ಬೆಳಕಿನ ಜೊತೆ 3000ದ ಹಳದಿ ಬೆಳಕು ಬೆರೆತರೆ ಒಡವೆಯ ಒಂದು ಕಡೆ ನೀಲಿ, ಇನ್ನೊಂದು ಕಡೆ ಕಿತ್ತಳೆ. ಆಮೇಲೆ ಎಡಿಟಿಂಗ್‌ನಲ್ಲಿ ಸರಿಮಾಡೋದು ದೊಡ್ಡ ತಲೆನೋವು. ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ (ಬಲ್ಬು ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ) 90 ಅಥವಾ ಅದಕ್ಕಿಂತ ಜಾಸ್ತಿ ಅಂತಿದ್ದರೆ ಬಣ್ಣ ಹೆಚ್ಚು ನಿಜವಾಗಿ ಬರುತ್ತದೆ.

ಬಿಳಿಗೆ ಕಪ್ಪು ಬೇಕು

ಇಷ್ಟು ಮಾಡಿದ ಮೇಲೆ ಫ್ಯಾನು, ಟ್ಯೂಬ್‌ಲೈಟು ಮಾಯವಾದವು. ಆದರೆ ಒಡವೆ ಪೇಲವ! ಸುತ್ತ ಬರೀ ಬಿಳಿ ಇದ್ದರೆ ಅದರ ಮೈಮೇಲೂ ಬರೀ ಬಿಳಿ. ಬಳೆಯ ಅಂಚು ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಬೆರಳಗಲದ ಕಪ್ಪು ಕಾಗದದ ಪಟ್ಟಿಗಳನ್ನು ಕತ್ತರಿಸಿ, ಚೌಕಟ್ಟಿನ ಹೊರಗೆ ಎಡಕ್ಕೊಂದು ಬಲಕ್ಕೊಂದು ನಿಲ್ಲಿಸಿ. ಅವುಗಳ ಪ್ರತಿಬಿಂಬ ಲೋಹದ ಅಂಚಿಗೆ ತೆಳ್ಳನೆಯ ಕಪ್ಪು ಗೆರೆ ಎಳೆಯುತ್ತದೆ. ಪಟ್ಟಿಯನ್ನು ಅರ್ಧ ಇಂಚು ಸರಿಸಿದರೆ ಗೆರೆಯೂ ಸರಿಯುತ್ತದೆ. ನನಗಂತೂ ಈ ಕೆಲಸದಲ್ಲಿ ಅತೀ ಮಜಾ ಕೊಡುವ ಹಂತ ಇದು.

ಇನ್ನೂ ಫೋನು ಕಾಣುತ್ತಿದ್ದರೆ ಬಿಳಿ ಹಾಳೆಗೆ ಲೆನ್ಸಿನಷ್ಟೇ ತೂತು ಮಾಡಿ, ಅದರ ಮೂಲಕ ತೆಗೆಯಿರಿ. ಫೋಟೊ ತೆಗೆಯುವ ದಿನ ಅತ್ತಿಗೆ ಈಗ ಅಣ್ಣನ ಬಿಳಿ ಅಂಗಿ ಹಾಕಿಕೊಂಡೇ ಕೂರುತ್ತಾರೆ.

ಹರಳಿನ ಲೆಕ್ಕ ಬೇರೆ. ಏಳು ಕಲ್ಲಿನ ಬೆಂಡೋಲೆ ಮೃದು ಬೆಳಕಿನಲ್ಲಿ ಗಾಜಿನ ಚೂರಿನಂತೆ ಮಂಕಾಗುತ್ತದೆ. ಮಿಂಚಲು ಅದಕ್ಕೆ ಚಿಕ್ಕ, ಚುರುಕು ಬೆಳಕು ಬೇಕು. ಇನ್ನೊಂದು ಮೊಬೈಲಿನ ಟಾರ್ಚನ್ನು ಮೇಲಿಂದ ಓರೆಯಾಗಿ ಹಿಡಿದು ಮೆಲ್ಲಗೆ ಆಡಿಸಿ, ಕಲ್ಲು ಮಿನುಗಿದಲ್ಲಿ ನಿಲ್ಲಿಸಿ. ಮುತ್ತಿಗೆ ಟಾರ್ಚ್ ಬೇಡ, ಮಧ್ಯೆ ಬಿಳಿ ಚುಕ್ಕೆ ಬೀಳುತ್ತದೆ.

ಫೋನಿನ ಕಡೆ

ಫ್ಲ್ಯಾಶ್ ಬೇಡವೇ ಬೇಡ. ತೀರಾ ಹತ್ತಿರ ಹೋದರೆ ಉಂಗುರ ಸೊಟ್ಟಗಾಗುತ್ತದೆ, ಫೋನಿನ ನೆರಳೂ ಬೀಳುತ್ತದೆ. ಸ್ವಲ್ಪ ಹಿಂದೆ ಸರಿದು 2ಎಕ್ಸ್ ಜೂಮ್ ಇಟ್ಟುಕೊಳ್ಳಿ. ಒಡವೆಯ ಮೇಲೆ ಬೆರಳು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಫೋಕಸ್ ಲಾಕ್ ಆಗುತ್ತದೆ. ಬಿಳಿ ಹಿನ್ನೆಲೆಯನ್ನು ಕ್ಯಾಮೆರಾ ಬೂದು ಮಾಡಿಬಿಡುತ್ತದೆ, ಆದ್ದರಿಂದ ಪರದೆಯಲ್ಲಿ ಬೆಳಕು ಹೆಚ್ಚಿಸುವ ಸೂರ್ಯನ ಗುರುತನ್ನು ತುಸು ಮೇಲೆ ಎಳೆಯಿರಿ. ಬಟನ್ ಒತ್ತುವಾಗಿನ ಅಲುಗಾಟಕ್ಕೆ ಎರಡು-ಮೂರು ಸೆಕೆಂಡಿನ ಟೈಮರ್ ಮದ್ದು. ದೊಡ್ಡ ಕ್ಯಾಮೆರಾ ಇದ್ದವರು ಐಎಸ್ಒ (ಬೆಳಕಿಗೆ ಸ್ಪಂದಿಸುವ ಪ್ರಮಾಣ) 100, ಲೆನ್ಸಿನ ತೆರಪು ಎಫ್8ರಿಂದ ಎಫ್11ರ ಒಳಗೆ ಇಟ್ಟು ಟ್ರೈಪಾಡ್ ಮೇಲೆ ತೆಗೆದರೆ ಸಾಕು. ಎಲ್‌ಇಡಿ ಬೆಳಕಿನಲ್ಲಿ ಅಡ್ಡ ಪಟ್ಟೆ ಬಂದರೆ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ.

ಅಸಲಿ ಚಿನ್ನ ಮಾರುವವರು ಹಾಲ್‌ಮಾರ್ಕಿನದ್ದೂ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಪ್ರತಿ ಒಡವೆಗೂ ಬೇರೆಬೇರೆಯಾಗಿ ಕೊಡುವ ಗುರುತಿನ ಸಂಖ್ಯೆ) 2023ರ ಏಪ್ರಿಲ್ 1ರಿಂದ ಕಡ್ಡಾಯ ಅಲ್ವಾ? ಎದುರಿನ ಬೆಳಕಿನಲ್ಲಿ ಅದು ಕಾಣುವುದಿಲ್ಲ. ಲ್ಯಾಂಪನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಬದಿಯಿಂದ ಬೆಳಕು ಹಾಯಿಸಿ. ಅಕ್ಷರದ ತಗ್ಗಿನಲ್ಲಿ ನೆರಳು ಕೂತು ಓದಲು ಬರುತ್ತದೆ.

ಬಣ್ಣ ಮೆರುಗುಗೊಳಿಸುವ ಫಿಲ್ಟರ್ ಹಾಕಬೇಡಿ. "ಫೋಟೊದಲ್ಲಿ ಹಳದಿ ಇತ್ತು, ಬಂದಿದ್ದು ಕೆಂಪು" ಅಂತ ಅತ್ತಿಗೆಗೆ ಒಂದು ಸರ ವಾಪಸ್ ಬಂದದ್ದೇ ಹೀಗೆ. ಅಮೆಜಾನ್‌ನಲ್ಲಿ ಮಾರುವುದಾದರೆ ಮುಖ್ಯ ಚಿತ್ರದ ಹಿನ್ನೆಲೆ ಅಪ್ಪಟ ಬಿಳಿ ಇರಬೇಕು, ವಸ್ತು ಚೌಕಟ್ಟಿನ 85% ತುಂಬಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಅಂಥ ನಿಯಮವಿಲ್ಲ. ಅಲ್ಲಿ ಕಿವಿಗೆ ಹಾಕಿಕೊಂಡ ಒಂದು ಫೋಟೊವನ್ನೂ ಸೇರಿಸಿ, ಅಳತೆ ತಿಳಿಯುತ್ತದೆ. ಗಿರಾಕಿಗೆ ಕಳಿಸುವಾಗ ಎಚ್‌ಡಿ ಒತ್ತುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಅಷ್ಟು ಕಷ್ಟಪಟ್ಟು ಎಳೆದ ಕಪ್ಪು ಗೆರೆ ಅಲ್ಲಿಗೆ ಹೋಗುವಷ್ಟರಲ್ಲಿ ಕಲಸಿ ಹೋಗಿರುತ್ತದೆ.