ಪ್ಲೇಆಫ್ ಒತ್ತಡದಲ್ಲಿ ಕ್ವಾರ್ಟರ್‌ಬ್ಯಾಕ್‌ಗಳನ್ನು ಹೋಲಿಸುವ ಬಗೆ

ಅಮೆರಿಕನ್ ಫುಟ್‌ಬಾಲಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಶುರುವಾಗುವಾಗ ಕಲಬುರಗಿಯಲ್ಲಿ ಸೋಮವಾರ ನಸುಕಿನ ಐದು ಗಂಟೆ. ಆ ಹೊತ್ತಿಗೆ ಎದ್ದು ಕೂತು ನೋಡುವ ನಮ್ಮೂರಿನ ಕೆಲವರ ನಡುವೆ ವರ್ಷವೂ ಏಳುವ ಪ್ರಶ್ನೆ ಒಂದೇ: ಸೋತರೆ ಮನೆಗೆ ಹೋಗಬೇಕಾದ ಪ್ಲೇಆಫ್ ಪಂದ್ಯದಲ್ಲಿ ಯಾವ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ತಂಡದ ದಾಳಿಯನ್ನು ನಡೆಸುವ ಆಟಗಾರ) ಹೆಚ್ಚು ಗಟ್ಟಿ? ಉತ್ತರ ಸಾಮಾನ್ಯವಾಗಿ ಯಾರು ಎಷ್ಟು ಸಲ ಗೆದ್ದರು ಎಂಬ ಎಣಿಕೆಗೆ ಬಂದು ನಿಲ್ಲುತ್ತದೆ. ಹೋಲಿಕೆಯನ್ನು ಅಲ್ಲಿಂದ ಆರಂಭಿಸಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲಿಗೆ, ತಂಡದ ಫಲಿತಾಂಶವನ್ನೂ ಆಟಗಾರನ ಆಟವನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಎದುರಾಳಿಯ ಕೈಯಲ್ಲಿ ಚೆಂಡಿರುವಾಗ ಕ್ವಾರ್ಟರ್‌ಬ್ಯಾಕ್ ಮೈದಾನದ ಹೊರಗೇ ಇರುತ್ತಾನೆ, ನಮ್ಮೂರಿನ ಎನ್.ವಿ. ಮೈದಾನದ ಟೆನಿಸ್ ಬಾಲ್ ಕ್ರಿಕೆಟ್ ಫೈನಲ್‌ನಲ್ಲಿ ಬೌಲರ್‌ಗಳು ಕೊನೆಯ ಓವರ್‌ನಲ್ಲಿ ರನ್ ಬಿಟ್ಟುಕೊಟ್ಟರೆ ಅರ್ಧಶತಕ ಹೊಡೆದವನನ್ನು ಯಾರೂ ದೂರುವುದಿಲ್ಲವಷ್ಟೆ. 2018ರ ಸೂಪರ್ ಬೌಲ್‌ನಲ್ಲಿ ಟಾಮ್ ಬ್ರೇಡಿ ಪಾಸ್‌ಗಳಿಂದ 505 ಗಜ ಗಳಿಸಿ, ಮೂರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಪಡೆಯುವುದು) ತಂದುಕೊಟ್ಟು, ಒಂದೂ ಇಂಟರ್ಸೆಪ್ಷನ್ (ಪಾಸ್ ಎದುರಾಳಿಯ ಕೈಸೇರುವುದು) ಕೊಡದೆ ಆಡಿದರೂ ಅವರ ತಂಡ 41–33ರಿಂದ ಸೋತಿತು. ಅದಕ್ಕೆ ಎರಡು ವರ್ಷ ಮೊದಲಿನ ಸೂಪರ್ ಬೌಲ್‌ನಲ್ಲಿ ಡೆನ್ವರ್ ತಂಡದ ಪೇಟನ್ ಮ್ಯಾನಿಂಗ್ ಎಸೆದದ್ದು ಕೇವಲ 141 ಗಜ, ಟಚ್‌ಡೌನ್ ಪಾಸ್ ಒಂದೂ ಇಲ್ಲ. ಆದರೂ ರಕ್ಷಣಾ ಪಡೆಯ ಬಲದಿಂದ ಡೆನ್ವರ್ 24–10ರಿಂದ ಗೆದ್ದಿತು, ಪಂದ್ಯಶ್ರೇಷ್ಠ ಗೌರವವೂ ರಕ್ಷಣೆಯ ವಾನ್ ಮಿಲ್ಲರ್ ಪಾಲಾಯಿತು. ಗೆಲುವುಗಳನ್ನಷ್ಟೇ ಎಣಿಸುವವರಿಗೆ ಇಲ್ಲಿ ಮ್ಯಾನಿಂಗ್ ಮೇಲು, ಬ್ರೇಡಿ ಕೀಳು.

ಎರಡನೆಯದಾಗಿ, ಪ್ರತಿಯೊಬ್ಬರನ್ನೂ ಅವರದೇ ಲೀಗ್ ಹಂತದ ಆಟದೊಂದಿಗೆ ಹೋಲಿಸಿ. ಗುರಿ ಮುಟ್ಟಿದ ಪಾಸ್‌ಗಳ ಶೇಕಡಾವಾರು, ಪ್ರತಿ ಎಸೆತಕ್ಕೆ ಬಂದ ಗಜ, ಟಚ್‌ಡೌನ್ ಮತ್ತು ಇಂಟರ್ಸೆಪ್ಷನ್ ಪ್ರಮಾಣ, ಇವು ನಾಲ್ಕೂ ಸೇರಿ ಪಾಸರ್ ರೇಟಿಂಗ್ ಆಗುತ್ತದೆ. ಅದರ ಗರಿಷ್ಠ ಮಿತಿ 158.3. ಆದರೆ ಸ್ಯಾಕ್ ಆದದ್ದು (ಎಸೆಯುವ ಮುನ್ನವೇ ಎದುರಾಳಿ ಕೆಡವಿದ್ದು), ಚೆಂಡು ಕೈಜಾರಿದ್ದು, ತಾನೇ ಓಡಿ ಗಳಿಸಿದ್ದು ಇದರೊಳಗೆ ಸೇರುವುದಿಲ್ಲವಾದ್ದರಿಂದ ಅವುಗಳನ್ನು ಪ್ರತ್ಯೇಕವಾಗಿ ಗುರುತಿಸಬೇಕು. ಬ್ರೇಡಿಯ ಆ 505 ಗಜದ ಪಂದ್ಯದಲ್ಲೇ ಎರಡು ನಿಮಿಷದಷ್ಟು ಆಟ ಉಳಿದಿದ್ದಾಗ ಎದುರಾಳಿ ತಂಡದ ಬ್ರ್ಯಾಂಡನ್ ಗ್ರಹಾಂ ಬ್ರೇಡಿಯ ಕೈಯಿಂದ ಚೆಂಡು ಉದುರಿಸಿದರು. ಪಂದ್ಯವನ್ನು ಬಹುತೇಕ ಮುಗಿಸಿದ ಆ ಗಳಿಗೆ ಪಾಸರ್ ರೇಟಿಂಗ್‌ನಲ್ಲಿ ಕಾಣುವುದೇ ಇಲ್ಲ.

ಹೀಗಾಗಿ ಮೂರನೆಯ ಕೆಲಸ, ಕೊನೆಯ ನಿಮಿಷಗಳನ್ನು ಬಿಡಿಬಿಡಿಯಾಗಿ ನೋಡುವುದು, ಎಲ್ಲಕ್ಕಿಂತ ಮುಖ್ಯವಾದದ್ದು. ಇದಕ್ಕೆ 2022ರ ಜನವರಿಯಲ್ಲಿ ನಡೆದ ಕಾನ್ಸಾಸ್ ಸಿಟಿ ಮತ್ತು ಬಫಲೋ ನಡುವಿನ ಪಂದ್ಯಕ್ಕಿಂತ ಒಳ್ಳೆಯ ಪಾಠವಿಲ್ಲ. ಬಫಲೋದ ಜಾಶ್ ಅಲೆನ್ ನಾಲ್ಕನೆಯ ಟಚ್‌ಡೌನ್ ಪಾಸ್ ಎಸೆದು 36–33ರ ಮುನ್ನಡೆ ತಂದಾಗ ಉಳಿದಿದ್ದದ್ದು 13 ಸೆಕೆಂಡು. ಕಾನ್ಸಾಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್ ಅಷ್ಟರೊಳಗೆ ಎರಡೇ ಪಾಸ್‌ಗಳಲ್ಲಿ, ಒಂದನ್ನು ಟೈರೀಕ್ ಹಿಲ್‌ಗೂ ಇನ್ನೊಂದನ್ನು ಟ್ರಾವಿಸ್ ಕೆಲ್ಸಿಗೂ ಕೊಟ್ಟು, 44 ಗಜ ಮುನ್ನಡೆಸಿ ಫೀಲ್ಡ್ ಗೋಲಿಗೆ (ಚೆಂಡನ್ನು ಒದ್ದು ಮೂರು ಅಂಕ ಪಡೆಯುವುದಕ್ಕೆ) ದಾರಿ ಮಾಡಿದರು, ಪಂದ್ಯ ಸಮವಾಯಿತು. ಹೆಚ್ಚುವರಿ ಅವಧಿಯ ಟಾಸ್ ಗೆದ್ದ ಕಾನ್ಸಾಸ್ ಸಿಟಿ ಮೊದಲ ಸರದಿಯಲ್ಲೇ ಟಚ್‌ಡೌನ್ ಗಳಿಸಿ 42–36ರಿಂದ ಗೆದ್ದಿತು, ಅಲೆನ್‌ಗೆ ಚೆಂಡು ಮುಟ್ಟುವ ಅವಕಾಶವೂ ಸಿಗಲಿಲ್ಲ. ಪ್ಲೇಆಫ್‌ನಲ್ಲಿ ಎರಡೂ ತಂಡಗಳಿಗೆ ಸರದಿ ಸಿಗಬೇಕೆಂಬ ನಿಯಮವನ್ನು ಲೀಗ್ ತಂದದ್ದು ಇದಾದ ನಂತರವೇ. ಒತ್ತಡದಲ್ಲಿ ಇಬ್ಬರೂ ಅದ್ಭುತವಾಗಿ ಆಡಿದ ಪಂದ್ಯವೆಂದು ಇದನ್ನು ದಾಖಲಿಸಬೇಕೇ ಹೊರತು ಅಲೆನ್ ಕುಸಿದ ಪಂದ್ಯವೆಂದಲ್ಲ.

ಪಂದ್ಯಗಳ ಸಂಖ್ಯೆಯನ್ನೂ ಗಮನಿಸಿ. ಬ್ರೇಡಿ 48 ಪ್ಲೇಆಫ್ ಪಂದ್ಯ ಆಡಿದವರು. ಐದಾರು ಪಂದ್ಯ ಆಡಿದವರ ಸರಾಸರಿ ಒಂದೇ ಕೆಟ್ಟ ದಿನದಿಂದ ತಲೆಕೆಳಗಾಗಬಲ್ಲದು.

ಕಾಲ ಬೇರೆಯಾದಾಗ ನೇರ ಹೋಲಿಕೆ ಬೇಡ. ಜೋ ಮೊಂಟಾನಾ ನಾಲ್ಕು ಸೂಪರ್ ಬೌಲ್‌ಗಳಲ್ಲಿ 122 ಪಾಸ್ ಎಸೆದು 11 ಟಚ್‌ಡೌನ್ ಗಳಿಸಿಕೊಟ್ಟರು, ಇಂಟರ್ಸೆಪ್ಷನ್ ಸೊನ್ನೆ. ಇದನ್ನು ಇಂದಿನವರ ಅಂಕಿಗಳ ಪಕ್ಕದಲ್ಲಿಡುವ ಬದಲು ಅವರ ಸಮಕಾಲೀನರ ಪಕ್ಕದಲ್ಲಿಡಿ: 1980ರ ದಶಕದಲ್ಲಿ ಲೀಗ್‌ನಾದ್ಯಂತ ನೂರು ಎಸೆತಗಳಿಗೆ ಸುಮಾರು ನಾಲ್ಕು ಎದುರಾಳಿಯ ಕೈಸೇರುತ್ತಿದ್ದವು, ಈಗ ಎರಡಕ್ಕಿಂತ ತುಸು ಹೆಚ್ಚು. ಆ ದಶಕದ ದರದಲ್ಲಿ 122 ಎಸೆತಗಳಿಗೆ ಸರಿಸುಮಾರು ಐದು ಇಂಟರ್ಸೆಪ್ಷನ್ ಆಗಬೇಕಿತ್ತು.