ಡಿಸ್ಕ್‌ವರ್ಲ್ಡ್ ಸರಣಿಯನ್ನು ಎಂಟನೆಯ ಪುಸ್ತಕದಿಂದ ಓದಿಸಿದ ನನ್ನ ಅನುಭವ

ಇಂಗ್ಲಿಷ್ ಲೇಖಕ ಟೆರಿ ಪ್ರ್ಯಾಚೆಟ್ ಅವರ ನಲವತ್ತೊಂದು ಹಾಸ್ಯಭರಿತ ಫ್ಯಾಂಟಸಿ ಕಾದಂಬರಿಗಳ ಡಿಸ್ಕ್‌ವರ್ಲ್ಡ್ ಸರಣಿಯನ್ನು ಎಂಟನೆಯ ಪುಸ್ತಕದಿಂದ ಆರಂಭಿಸೋಣವೆಂದು ನಾನು ಹೇಳಿದಾಗ, ಚಿತ್ರದುರ್ಗದ ನಮ್ಮ ಓದುಗರ ಬಳಗದಲ್ಲಿ ಒಬ್ಬರೂ ಒಪ್ಪಿರಲಿಲ್ಲ. ‘ಮೊದಲನೆಯದು ಇರುವುದೇ ಮೊದಲು ಓದಲಿಕ್ಕೆ’ ಎಂದು ಬಳಗದ ಹಿರಿಯರಾದ ನಿವೃತ್ತ ಮೇಷ್ಟ್ರು ಕಡ್ಡಿ ಮುರಿದಂತೆ ಹೇಳಿದ್ದರು. ಐದು ವರ್ಷ ಕಳೆದ ಮೇಲೆ ಈಗ ಏಳು ಮಂದಿಯಲ್ಲಿ ಐವರು ಇಪ್ಪತ್ತೈದು ಪುಸ್ತಕಗಳನ್ನು ದಾಟಿದ್ದಾರೆ, ಅವರಲ್ಲಿ ಇಬ್ಬರು ನಲವತ್ತೊಂದನ್ನೂ ಮುಗಿಸಿದ್ದಾರೆ. ಆ ಇಬ್ಬರಲ್ಲಿ ಮೇಷ್ಟ್ರೂ ಒಬ್ಬರು. ಆದ್ದರಿಂದಲೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ನಾನೂ ಪ್ರಕಟಣೆಯ ಕ್ರಮವನ್ನೇ ಹಿಡಿದಿದ್ದೆ. 1983ರ ‘ದಿ ಕಲರ್ ಆಫ್ ಮ್ಯಾಜಿಕ್’ ಮೊದಲ್ಗೊಂಡು ಆರು ಪುಸ್ತಕಗಳನ್ನು ಹೊಸದಾಗಿಯೇ ತರಿಸಿದೆ. ಎರಡೂವರೆ ಸಾವಿರ ರೂಪಾಯಿಯಷ್ಟು ಕೈಬಿಟ್ಟಿತು. ಆ ಮೊದಲ ಪುಸ್ತಕ ಹಿಂದಿನ ತಲೆಮಾರಿನ ಫ್ಯಾಂಟಸಿ ಕತೆಗಳನ್ನು ಅಣಕಿಸುತ್ತ ಸಾಗುವುದರಿಂದ, ಮೂಲವನ್ನೇ ಓದದ ನಮ್ಮವರಿಗೆ ಅಣಕದ ರುಚಿ ಹತ್ತಲಿಲ್ಲ. ಮೇಲಾಗಿ ಕತೆ ಕೊನೆಯ ಪುಟದಲ್ಲೂ ಮುಗಿಯದೆ ಎರಡನೆಯ ಪುಸ್ತಕಕ್ಕೆ ಜಾರುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿಯೊಬ್ಬರು ಹಿಂದಿರುಗಿಸಿದ ಪ್ರತಿಯಲ್ಲಿ, ಗುರುತಿಗೆಂದು ಇಟ್ಟ ಬಸ್ ಟಿಕೆಟ್ಟು ಅರವತ್ತನೆಯ ಪುಟದ ಆಸುಪಾಸಿನಲ್ಲೇ ಉಳಿದಿತ್ತು.

ಎರಡನೆಯ ಸಲ ಎಳೆ ಹಿಡಿದು ಓದಿಸಿದೆ. ನಗರದ ಕಾವಲುಪಡೆ, ಮಾಟಗಾತಿಯರು, ಪಾತ್ರವಾಗಿಯೇ ಬರುವ ಸಾವು, ಮಾಂತ್ರಿಕ ರಿನ್ಸ್‌ವಿಂಡ್ ಎಂದು ಸರಣಿಯೊಳಗೆ ಬೇರೆ ಬೇರೆ ಎಳೆಗಳಿವೆ; ಒಂದೊಂದು ಎಳೆಯ ಪುಸ್ತಕಗಳಲ್ಲಿ ಅವೇ ಪಾತ್ರಗಳು ಮರಳಿ ಬರುತ್ತವೆ. ಕಾವಲುಪಡೆಯ ಎಂಟನ್ನೂ ಒಂದರ ಹಿಂದೊಂದು ಓದಿದೆವು. ಈ ಸಲ ಕತೆಯೇನೋ ಹಿಡಿಸಿತು, ಆದರೆ ಊರು ಕೈತಪ್ಪಿತು. ಈ ಕತೆಗಳು ನಡೆಯುವ ಅಂಕ್-ಮಾರ್ಪೋರ್ಕ್ ನಗರ ಪುಸ್ತಕದಿಂದ ಪುಸ್ತಕಕ್ಕೆ ಬೆಳೆಯುತ್ತ ಹೋಗುತ್ತದೆ: 1999ರ ‘ದಿ ಫಿಫ್ತ್ ಎಲಿಫೆಂಟ್’ನಲ್ಲಿ ಸುದ್ದಿ ರವಾನಿಸುವ ಗೋಪುರಗಳು, 2000ದ ‘ದಿ ಟ್ರೂತ್’ನಲ್ಲಿ ಪತ್ರಿಕೆ, 2004ರ ‘ಗೋಯಿಂಗ್ ಪೋಸ್ಟಲ್’ನಲ್ಲಿ ಪಾಳುಬಿದ್ದ ಅಂಚೆ ಕಚೇರಿಗೆ ಮರುಜೀವ. ಒಂದೇ ಎಳೆಯಲ್ಲಿ ಓಡಿದವರಿಗೆ ಪತ್ರಿಕೆ ಎಲ್ಲಿಂದಲೋ ಬಂದು ಬಾಗಿಲಲ್ಲಿ ಬಿದ್ದಿರುತ್ತದೆ. ಅದು ಹುಟ್ಟಿದ ಕತೆಯನ್ನು ಆಮೇಲೆ ಓದಿದರೆ ಹಳಸಿದ ಸುದ್ದಿ.

ದಾರಿ ತೋರಿಸಿದ್ದು ನಮ್ಮ ಊರಿನ ಓದುಗರೇ. ದುರ್ಗದ ಎಷ್ಟೋ ಮನೆಗಳಲ್ಲಿ ತ.ರಾ.ಸು. ಅವರ ಕೊನೆಯ ಕಾದಂಬರಿ ‘ದುರ್ಗಾಸ್ತಮಾನ’ವನ್ನು ಮೊದಲು ಓದಿ, ಹಿಂದಿನ ನಾಯಕರ ಕಾಲದ ‘ಕಂಬನಿಯ ಕುಯಿಲು’ವಿಗೆ ಆಮೇಲೆ ಮರಳಿದವರಿದ್ದಾರೆ, ನಮ್ಮ ತಂದೆಯೂ ಹಾಗೆಯೇ ಓದಿದವರು. ಮದಕರಿ ನಾಯಕನ ಅಂತ್ಯ ಇಲ್ಲಿ ಎಲ್ಲರಿಗೂ ಗೊತ್ತು, ಆದರೂ ಯಾರ ಓದೂ ಕೆಡಲಿಲ್ಲ. ಊರಿನ ಪರಿಚಯವಾದ ಮೇಲೆ ಅದರ ಹಿಂದಿನದನ್ನು ತಿಳಿಯುವ ಆಸೆ ತಾನಾಗಿ ಹುಟ್ಟುತ್ತದೆ.

ಹಾಗಾಗಿ ಸರಣಿಯ ಎಂಟನೆಯ ಪುಸ್ತಕ, ಕಾವಲುಪಡೆಯ ಮೊದಲನೆಯದಾದ 1989ರ ‘ಗಾರ್ಡ್ಸ್! ಗಾರ್ಡ್ಸ್!’ನಿಂದ ಹೊಸದಾಗಿ ಆರಂಭಿಸಿದೆವು. ಕುಡಿದು ಮಳೆಯಲ್ಲಿ ಚರಂಡಿಯ ಪಕ್ಕ ಬಿದ್ದಿರುವ ಕಾವಲುಪಡೆಯ ನಾಯಕ ವೈಮ್ಸ್ ಒಂದು ಕಡೆ, ಕುಳ್ಳರ ನಡುವೆ ಬೆಳೆದು ಕಾನೂನಿನ ಪುಸ್ತಕವನ್ನು ನೆಚ್ಚಿಕೊಂಡು ಊರಿಗೆ ಬರುವ ಕ್ಯಾರಟ್ ಇನ್ನೊಂದು ಕಡೆ. ಕ್ಯಾರಟ್‌ನ ಜೊತೆಗೇ ಓದುಗರೂ ಆ ಊರನ್ನು ಮೊದಲ ಬಾರಿಗೆ ನೋಡುತ್ತಾರೆ. ಅದಾದ ಮೇಲೆ ಮಾಟಗಾತಿಯರ ‘ವಿಯರ್ಡ್ ಸಿಸ್ಟರ್ಸ್’, ಅನಂತರ ಸಾವಿನ ಎಳೆಯ ‘ಮಾರ್ಟ್’. ಮುಂದೆ ಜಡೆ ಹೆಣೆದಂತೆ ಎಳೆಗಳನ್ನು ಬದಲಿಸುತ್ತ ಹೋದೆವು. ಒಂದೇ ಎಳೆಯ ಎರಡು ಪುಸ್ತಕಗಳು ಅಕ್ಕಪಕ್ಕ ಬರಬಾರದು, ಎಳೆಯೊಳಗೆ ವರ್ಷ ಹಿಂದುಮುಂದಾಗಬಾರದು. ಯಾವ ಎಳೆಗೂ ಸೇರದ ‘ಸ್ಮಾಲ್ ಗಾಡ್ಸ್’ ಅನ್ನು ದಣಿವಾದಾಗ ಓದಲೆಂದು ತೆಗೆದಿಟ್ಟಿದ್ದೆ. ಕಾವಲುಪಡೆಯ ಹಿಂದಿನ ಐದನ್ನೂ ಓದದೆ ‘ನೈಟ್ ವಾಚ್’ ಮುಟ್ಟುವುದು ದೊಡ್ಡ ನಷ್ಟ. ಲೇಖಕರ ನಿಧನದ ನಂತರ 2015ರಲ್ಲೇ ಬಂದ ‘ದಿ ಶೆಫರ್ಡ್ಸ್ ಕ್ರೌನ್’ ಕೊನೆಗೇ ಇರಬೇಕು. ಏಕೆಂಬುದನ್ನು ಇಲ್ಲಿ ಬರೆದರೆ ಅನ್ಯಾಯವಾದೀತು.

ಎಲ್ಲರೂ ಕೈಬಿಟ್ಟಿದ್ದ ಆ ಮೊದಲ ಪುಸ್ತಕವನ್ನು ಹದಿನಾರನೆಯದಾಗಿ ಇಟ್ಟೆ. ಬ್ಯಾಂಕಿನ ಗೆಳತಿ ಅದೇ ಪ್ರತಿಯನ್ನು ಒಯ್ದು, ಎರಡನೆಯ ಭಾಗ ಈಗಲೇ ಬೇಕೆಂದು ಮೂರನೆಯ ದಿನವೇ ರಾತ್ರಿ ಫೋನ್ ಮಾಡಿದರು.

ನಡುವೆ ತಂಗಿಯ ಮಕ್ಕಳಿಬ್ಬರ ಮೇಲೂ ಒಂದು ಪ್ರಯೋಗ ನಡೆಯಿತು. ಸಿ. ಎಸ್. ಲೂಯಿಸ್ ಅವರ ಮಕ್ಕಳ ಫ್ಯಾಂಟಸಿ ಸರಣಿ ನಾರ್ನಿಯಾದ ಏಳು ಪುಸ್ತಕಗಳು 1950ರಿಂದ 1956ರವರೆಗೆ ಬಂದವು; 1955ರ ‘ದಿ ಮೆಜೀಶಿಯನ್ಸ್ ನೆಫ್ಯೂ’ ಕತೆಯ ಕಾಲದಲ್ಲಿ ಎಲ್ಲಕ್ಕಿಂತ ಹಿಂದಿನದು. ಅಕ್ಕನಿಗೆ ಅದನ್ನು ಮೊದಲು ಕೊಟ್ಟೆ, ತಮ್ಮನಿಗೆ 1950ರ ಪುಸ್ತಕವನ್ನು. ಹಿಮದ ಕಾಡಿನ ನಡುವೆ ಒಂಟಿ ದೀಪದ ಕಂಬ ಉರಿಯುವಲ್ಲಿಗೆ ಬಂದಾಗ ತಮ್ಮ ಪುಸ್ತಕ ಮಡಿಚಿ, ‘ಮಾಮ, ಕಾಡೊಳಗೆ ಲೈಟ್ ಕಂಬ ಯಾರು ನೆಟ್ರು?’ ಎಂದು ಕೇಳಿದ. ಅಕ್ಕ ಆ ಪುಟವನ್ನು ಸುಮ್ಮನೆ ತಿರುವಿದ್ದಳು. ಅವಳಿಗೆ ಉತ್ತರ ಆಗಲೇ ಸಿಕ್ಕಿತ್ತು. ಸ್ವತಃ ಲೂಯಿಸ್ ಅವರೇ 1957ರಲ್ಲಿ ಬಾಲಕನೊಬ್ಬನಿಗೆ ಬರೆದ ಪತ್ರದಲ್ಲಿ ಕಥಾಕಾಲದ ಕ್ರಮದತ್ತ ಒಲವು ತೋರಿದ್ದರು. ಅವರ ಮೇಲಿನ ಗೌರವ ಇಟ್ಟುಕೊಂಡೇ ನಾನು ತಮ್ಮನ ಪಕ್ಷ.

ಹಣದ ವಿಷಯದಲ್ಲಿ ಒಂದು ಮಾತು. ಒಟ್ಟಿಗೆ ಕೊಳ್ಳಬೇಡಿ. ನಾನು ಆಮೇಲೆ ಬೆಂಗಳೂರಿಗೆ ಹೋದಾಗಲೆಲ್ಲ ಅವೆನ್ಯೂ ರಸ್ತೆಯಲ್ಲಿ ಹಳೆಯ ಪ್ರತಿಗಳನ್ನು ಒಂದಕ್ಕೆ ನೂರೈವತ್ತರಂತೆ ಆರಿಸಿ ತಂದೆ. ಎಲ್ಲ ಸೇರಿ ಒಂಬತ್ತು ಸಾವಿರದ ಒಳಗೇ ಮುಗಿಯಿತು, ಆ ಮೊದಲ ಎರಡೂವರೆ ಸಾವಿರವೂ ಸೇರಿ. ಪುಸ್ತಕಗಳ ಬೆನ್ನಿಗೆ ಅಂಟಿಸಿದ, ಓದಿನ ಕ್ರಮದ ನಂಬರ್ ಚೀಟಿಗಳು ನಮ್ಮ ಬೇಸಿಗೆಗೆ ಉದುರಿಹೋದದ್ದರಿಂದ, ಈಗ ರಟ್ಟಿನ ಒಳಬದಿಗೆ ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ. ಹನ್ನೆರಡನೆಯ ಸ್ಥಾನದಲ್ಲಿ ಯಾವ ಪುಸ್ತಕವಿದೆ ಎಂಬುದನ್ನು ಮಾತ್ರ ನಾನು ಯಾರಿಗೂ ಮೊದಲೇ ಹೇಳುವುದಿಲ್ಲ; ಹನ್ನೊಂದನ್ನು ಮುಗಿಸಿ ಬಂದವರ ಕೈಗೆ ನಾನೇ ಕೊಡುತ್ತೇನೆ.